ಫೋರ್-ಸಿ ಮಾರಾಟಕ್ಕಿದೆ

ಬನ್ನಿ. ಬೂಟಿನ ಹಿಮ ಹೊರಗೇ ಕೊಡವಿ,
ನೆಲ ಹೊಸದು, ಓಕ್ ಮರ, ವಾರ್ನಿಷ್ ಇನ್ನೂ ಮೂಗಿಗೆ ಬಡಿಯುತ್ತದೆ.
ನಾನು ಪಾಷ್ಕ್. ಸೂಪರ್ ಅನ್ನುತ್ತಾರೆ ಇಲ್ಲಿ:
ಬಾಯ್ಲರು, ಕಸ, ಲಿಫ್ಟು,
ಅರವತ್ನಾಲ್ಕು ಮನೆಯ ಬೀಗದ ಕೈ.
ಬ್ರೋಕರಮ್ಮ ಸಬ್‌ವೇಯಲ್ಲಿ ಸಿಕ್ಕಿಕೊಂಡಿದ್ದಾಳಂತೆ,
ಅಲ್ಲಿಯವರೆಗೆ ನೀನೇ ತೋರಿಸು ಅಂದಳು.
ತೋರಿಸುತ್ತೇನೆ. ಹೊಗಳಲು ನನಗೆ ಬರುವುದಿಲ್ಲ.

ಎರಡು ಮಲಗುವ ಕೋಣೆ. ಈ ಚಿಕ್ಕದರಲ್ಲಿ
ಮಂಚ ಹಾಕಿದರೆ ಬಾಗಿಲು ತೆರೆಯದು,
ಅದಕ್ಕೇ ಜಾಹೀರಾತಿನ ಚಿತ್ರದಲ್ಲಿ
ಒಂದು ಕುರ್ಚಿ, ಒಂದು ಹೂಕುಂಡ.
ಅಡುಗೆಮನೆ ಆಸ್ಪತ್ರೆಯ ಹಾಗೆ ಬೆಳ್ಳಗಿದೆ.
ಮೊದಲು ಇಲ್ಲೊಂದು ಗೋಡೆಯಿತ್ತು; ಅದು ಬಿದ್ದ ದಿನ
ಕೆಳಗೆ ಥ್ರೀ-ಸಿಯ ತಟ್ಟೆಗಳು ಕುಣಿದವು,
ಮಿಸೆಸ್ ಒಕಾಸಿಯೊ ಪೊರಕೆ ಕೋಲಿನಿಂದ
ಸಂಜೆಯವರೆಗೆ ಛಾವಣಿ ಕುಟ್ಟಿದಳು.
ಕಿಟಕಿಯಿಂದ ರೈಲು ಕಾಣುತ್ತದೆ. ಕೇಳಿಸುತ್ತದೆ ಕೂಡ,
ಒಂದು ತಿಂಗಳು.
ಆಮೇಲೆ ಅದು ಬಾರದ ರಾತ್ರಿಯೇ ಎಚ್ಚರವಾಗುತ್ತದೆ.

ಇದು ಬಚ್ಚಲು. ಸ್ವಲ್ಪ ನಿಲ್ಲಿ.
ಇಲ್ಲಿದ್ದವರು ಸಾಸ್ಲೋ, ಮಾರ್ಟಿಮರ್ ಸಾಸ್ಲೋ,
ಬ್ರಾಂಕ್ಸ್ ಕೋರ್ಟಿನಲ್ಲಿ ಗುಮಾಸ್ತ. ಸಾಯುವವರೆಗೆ
ಒಂದು ದಿನವೂ ಗಡ್ಡ ಬಿಟ್ಟವರಲ್ಲ.
ಹಳೇ ಕನ್ನಡಿಯ ಹಿಂದೆ ಕಬ್ಬಿಣದ ಗೂಡು,
ಗೂಡಿನ ಬೆನ್ನಿಗೆ ಬೆರಳುದ್ದದ ಸೀಳು,
ಮೊಂಡಾದ ಬ್ಲೇಡು ತುರುಕಲು.
ತುರುಕಿದರೆ ಎಲ್ಲಿಗೆ ಹೋಗುತ್ತದೆ?
ಗೋಡೆಯೊಳಕ್ಕೆ. ಅಷ್ಟೇ.
ಕಟ್ಟಿದವರ ಲೆಕ್ಕದಲ್ಲಿ ಗೋಡೆ ಎಂದೂ ತುಂಬುವುದಿಲ್ಲ.
ಗೋಡೆಗೆ ಕಿವಿಯಿದೆ ಅನ್ನುತ್ತಾರಲ್ಲ,
ಹೊಟ್ಟೆಯೂ ಇದೆ.

ಟೈಲ್ಸಿನ ವಿಲ್ಮರ್ ಸುತ್ತಿಗೆ ಎತ್ತಿ ಹೊಡೆದ.
ಮೊದಲು ಧೂಳು. ಆಮೇಲೆ ಚಿಲ್ಲರೆ ಎಣಿಸಿದಂಥ ಸದ್ದು.
ಆಮೇಲೆ ಸುರಿದೇ ಸುರಿದವು,
ತುಕ್ಕು ಹಿಡಿದು, ಹಳೇ ಇಸ್ಪೀಟಿನೆಲೆಗಳಂತೆ
ಒಂದಕ್ಕೊಂದು ಅಂಟಿಕೊಂಡು.
ವಿಲ್ಮರ್ ಎದೆಯ ಮೇಲೆ ಶಿಲುಬೆ ಬರೆದುಕೊಂಡ.
ಬಣ್ಣದ ಡಬ್ಬ ಎರಡು ತುಂಬಿದವು.
ವಾರಕ್ಕೊಂದು ಅಂದುಕೊಂಡರೂ... ಲೆಕ್ಕ ಹಾಕಿದೆ, ಬಿಟ್ಟೆ.
ಮದುವೆಯ ಬೆಳಗಿನದು ಅದರಲ್ಲೇ ಇದೆ,
ಹೆಂಡತಿಯನ್ನು ಮಣ್ಣು ಮಾಡಿದ ಬೆಳಗಿನದು,
ನಿವೃತ್ತಿಯಾದ ಮೇಲೂ ಸರಿಯಾಗಿ ಏಳಕ್ಕೆ
ಯಾರೂ ನೋಡದ ಮುಖವನ್ನು ಹೆರೆದದ್ದು.
ಯಾವುದು ಯಾವುದೆಂದು ತುಕ್ಕು ಹೇಳುವುದಿಲ್ಲ.

ಒಂದು ಮಾತು ತಿಳಿದಿರಲಿ: ನೀವು ಕೊಳ್ಳುವುದು ಮನೆಯನ್ನಲ್ಲ.
ಮುನ್ನೂರ ಹನ್ನೆರಡು ಷೇರು, ಮತ್ತು ಇಲ್ಲಿ ಇರುವ ಹಕ್ಕು.
ಗೋಡೆಯ ಬಣ್ಣ ನಿಮ್ಮದು, ಮೊಳೆ ನಿಮ್ಮದು;
ಗೋಡೆಯೊಳಗಿನ ಪೈಪು, ತಂತಿ, ಇಲಿ ಸಂಘದ್ದು.
ಹಾಗಾದರೆ ಬ್ಲೇಡು? ಮಂಡಳಿಯ ಸಭೆಯಲ್ಲಿ ಕೇಳಿದೆ.
ಅಧ್ಯಕ್ಷೆ ಕನ್ನಡಕ ತೆಗೆದಳು.
ವಿಲೇವಾರಿಗೆ ಎಷ್ಟಾಗುತ್ತದೆ ಎಂದ ಖಜಾಂಚಿ.
ಮುಂದಿನ ತಿಂಗಳಿಗೆ ಹಾಕಿದರು. ಮೂರು ತಿಂಗಳಾಯಿತು.
ಡಬ್ಬಗಳು ಬಾಯ್ಲರಿನ ಪಕ್ಕ ಬೆಚ್ಚಗಿವೆ.
ಒಬ್ಬ ಗಂಡಸಿನ ಎಲ್ಲ ಬೆಳಗುಗಳಿಗೂ
ಅರವತ್ನಾಲ್ಕು ಮನೆಯವರು ಪಾಲುದಾರರು.
ನಿಮಗೆ ಒಪ್ಪಿಗೆ ಸಿಕ್ಕರೆ ನಿಮಗೂ ಒಂದು ಚೂರು.

ಸಿಗುತ್ತದೋ ಇಲ್ಲವೋ ನಾನು ಹೇಳಲಾರೆ.
ಕಳೆದ ವಾರ ಒಬ್ಬ ಪೂರ್ತಿ ನಗದು ತಂದಿದ್ದ.
ಲಾಂಡ್ರಿ ಕೋಣೆಯ ಪಕ್ಕ ಕೂರಿಸಿ ಮಾತಾಡಿಸಿದರು,
ಯಂತ್ರ ಒಂದು ಸುತ್ತು ಮುಗಿಸುವುದರೊಳಗೆ ಬೇಡವೆಂದರು.
ಕಾರಣ ಹೇಳಬೇಕಿಲ್ಲ ಅವರು.

ಏನಂದಿರಿ, ಮಿಸ್ ಆನ್ಸಾ? ರಾತ್ರಿ ಪಾಳಿಯೇ?
ಬೆಳಗಿನ ಜಾವ ನಾಲ್ಕಕ್ಕೆ ಬಿಸಿನೀರು?
ಇದುವರೆಗೆ ಬಂದವರೆಲ್ಲ ಕೇಳಿದ್ದು
ಕಲ್ಲು ಇಟಲಿಯದೋ ಎಂದು.

ಅಗೋ ಲಿಫ್ಟಿನ ಸದ್ದು, ಬ್ರೋಕರಮ್ಮ ಬಂದಳು.
ಬ್ಲೇಡಿನ ಮಾತು ಅವಳೆದುರು ಬೇಡ.
ಬರುತ್ತದೆ, ನಾಲ್ಕಕ್ಕೂ ಬರುತ್ತದೆ.
ಎರಡು ನಿಮಿಷ ಸುಮ್ಮನೆ ಹರಿಯಬಿಡಿ.
ಮೊದಲು ಕೆಂಪಗೆ ಬೀಳುತ್ತದೆ. ಹೆದರಬೇಡಿ.
ಅದು ಒಳಗಿನದು. ನಮ್ಮೆಲ್ಲರದು.